ಮುಗಿಯದ ಫಿರಂಗಿ

ಕಾಲು ಮಡಚಿ ಹತ್ತಿರ ಕೂತ್ಕೊಳ್ಳಿ ಮಕ್ಕಳಾ, ಆ ಕಡ್ಲೆಕಾಯಿ ಸಿಪ್ಪೆ ಸದ್ದು ನಿಲ್ಲಿಸಿ. ಒಂದು ರಾಜ್ಯದಲ್ಲಿ ಹೀಗೆ ಡಂಗುರ ಹೊಡೆದರು:

"ಕೇಳ್ರಪ್ಪೋ ಕೇಳಿ! ದೊರೆಯ ಮಹಾ ಫಿರಂಗಿ ಇನ್ನೂ ಮುಗಿದಿಲ್ಲ, ಬೊಕ್ಕಸ ಬರಿದಾಗಿದೆ. ರಾಜಮಾತೆ ಸಾಯುವಾಗ ಹೇಳಿಹೋದ ಮೂರು ಒಗಟು ಬಿಡಿಸಿದರೆ ಹಣ ಎಲ್ಲಿ ಹೋಯಿತೆಂದು ತಿಳಿಯುತ್ತದಂತೆ. ಬಿಡಿಸಿದವರಿಗೆ ಬೇಡಿದ್ದು ಸಿಗುತ್ತದೆ, ತಪ್ಪಿದವರ ತಲೆ ಹೋಗುತ್ತದೆ!"

ಫಿರಂಗಿಯ ಎರಕ ಹೊಯ್ಯಬೇಕಾದ ತಿಪ್ಪಯ್ಯನೇ ಹಣ ನುಂಗಿದನೆಂದು ಅವನನ್ನು ಸೆರೆಮನೆಗೆ ನೂಕಿದ್ದರು. ಅವನ ಮಗ ಕೆಂಚ ಕುಲುಮೆಗೆ ಇದ್ದಿಲು ಹೊರುವವನು. ಅಪ್ಪನನ್ನು ಬಿಡಿಸಿಕೊಳ್ಳಲು ಅವನೂ ಅರಮನೆಗೆ ಹೋದ.

ಅವನಿಗಿಂತ ಮುಂದೆ ದಳವಾಯಿ ನಿಂತಿದ್ದ. ದೊರೆ ಕೇಳಿದ: "ಹುಟ್ಟುವ ಮೊದಲೇ ಊರನ್ನೆಲ್ಲ ತಿಂದದ್ದು ಯಾವುದು?"

"ಶತ್ರು ಸೈನ್ಯ, ಮಹಾಪ್ರಭು."

ಶತ್ರು ಎಂದೋ ಹುಟ್ಟಿದ್ದಾನಲ್ಲ! ತಲೆ ಹೋಯಿತು.

ಅದೇ ಒಗಟಿಗೆ ಬೊಕ್ಕಸದ ಅಧಿಕಾರಿ, "ಎರಕದ ತಿಪ್ಪಯ್ಯನ ದುರಾಸೆ" ಅಂದ. ದೊರೆ ಹುಬ್ಬು ಗಂಟಿಕ್ಕಿದ. "ಅವನ ಮನೆ ಜಾಲಾಡಿದರೂ ಒಂದು ಕಾಸು ಸಿಗಲಿಲ್ಲವಲ್ಲ!" ಅಧಿಕಾರಿಯ ತಲೆಯೂ ಉಳಿಯಲಿಲ್ಲ.

"ಬಾರೋ ಇದ್ದಿಲು ಮೂತಿ, ಮುಖ ತೊಳೆದುಕೊಂಡಾದರೂ ಸಾಯಬಾರದಿತ್ತೇ?" ಅಂತ ಕಾವಲುಗಾರ ನಕ್ಕ.

ಕೆಂಚ ಕೈಮುಗಿದ. "ಅದು ತಮ್ಮ ಫಿರಂಗಿ, ಬುದ್ಧೀ. ಇನ್ನೂ ಹುಟ್ಟೇ ಇಲ್ಲ. ಆಗಲೇ ಗುಡಿಯ ಗಂಟೆ, ಬಾಣಂತಿಯರ ನೀರಿನ ಹಂಡೆ, ನಮ್ಮವ್ವನ ಕಂಚಿನ ತಟ್ಟೆ ಎಲ್ಲ ತಿಂದಾಯ್ತು."

ದೊರೆ ಎರಡನೆಯ ಒಗಟು ಕೇಳಿದ: "ಮುಗಿಯುವ ಹೊತ್ತಿಗೆಲ್ಲ ಮತ್ತೆ ಮೊದಲಿಗೇ ಬಂದು ನಿಲ್ಲುವುದು ಯಾವುದು?"

"ಅಪ್ಪನ ಕೆಲಸ. ಆಳುದ್ದ ಅಂದಿರಿ, ಮಣ್ಣಿನ ಅಚ್ಚು ಮಾಡಿ ಸುಟ್ಟ. ಆನೆಯುದ್ದ ಇರಲಿ ಅಂದಿರಿ. ಆಮೇಲೆ ಸಿಂಹದ ಬಾಯಿ ಬೇಕೆಂದಿರಿ. ಸುಟ್ಟ ಅಚ್ಚು ಹಿಗ್ಗೋದಿಲ್ಲ ಬುದ್ಧೀ, ಒಡೆಯಲೇಬೇಕು. ಒಡೆದಾಗಲೆಲ್ಲ ಒಂದು ಕಾಡು ಇದ್ದಿಲಾಯ್ತು. ಅಪ್ಪ ಬೇಡವೆಂದ. ತಮ್ಮ ತನಕ ಆ ಮಾತು ಯಾರೂ ಬರಗೊಡಲಿಲ್ಲ."

ದೊರೆಯ ದನಿ ಕುಗ್ಗಿತು. "ಕೊಂಡ ಮೇಲೂ ಬೆಲೆ ತೀರದ್ದು?"

"ಅದೂ ಫಿರಂಗಿಯೇ. ಎಳೆಯಲು ಎತ್ತು, ಎತ್ತಿಗೆ ಮೇವು, ತುಂಬಲು ಮದ್ದು, ಕಾಯಲು ಆಳು. ಅದು ಇರುವಷ್ಟು ದಿನವೂ ಕೊಡುತ್ತಲೇ ಇರಬೇಕು. ಬೆಲೆ ಕೇಳಿದ ದಿನ ಇದನ್ನು ಯಾರೂ ಹೇಳಲಿಲ್ಲ."

ದೊರೆ ಸಿಂಹಾಸನ ಬಿಟ್ಟು ಇಳಿದು ಬಂದ. "ಕಳ್ಳ ನಾನೇ ಕಣಪ್ಪ. ಏನು ಬೇಕು ಕೇಳು."

"ನಮ್ಮಪ್ಪ."

ಸೆರೆಮನೆಗೆ ಓಡಿದ ಕಾವಲುಗಾರ ಒಬ್ಬನೇ ಹಿಂತಿರುಗಿದ. "ಜ್ವರ ಇತ್ತಂತೆ... ಬೆಳಗ್ಗೆಯೇ ಹೋಗಿಬಿಟ್ಟನಂತೆ."

ಆಮೇಲೆ ಏನಾದರು ಅಂತೀರಾ? ಕಾವಲುಗಾರ ಚಟ್ಟಕ್ಕೆ ಹೆಗಲು ಕೊಟ್ಟು, ಕೆಲಸ ಬಿಟ್ಟು ಊರಿಗೆ ಹೋದ. ದೊರೆ ಮತ್ತೆಂದೂ ಫಿರಂಗಿ ಮಾಡಿಸಲಿಲ್ಲ. ದಳವಾಯಿಯ ಹೆಂಡತಿಗೆ, ಬೊಕ್ಕಸದವನ ಹೆಂಡತಿಗೆ ಮುಖ ತೋರಿಸಲಾರದೆ ಹಿಂಬಾಗಿಲಲ್ಲೇ ಓಡಾಡುತ್ತ ಮುದುಕನಾದ. ಎರಕದ ಮನೆಯ ಯಜಮಾನಿಕೆ ಕೆಂಚನಿಗೆ ಸಿಕ್ಕಿತು. ಅವನವ್ವನಿಗೆ ಕೊನೆಗೆ ಕಣ್ಣು ಮಂಜಾಯಿತು. ಸಂಜೆ ಮಗನ ಹೆಜ್ಜೆ ಸದ್ದು ಕೇಳಿದರೆ ಗಂಡನೇ ಬಂದನೆಂದು, "ಬಂದ್ರಾ?" ಅನ್ನುತ್ತಿದ್ದಳು.

ಕೆಂಚ, "ಬಂದೆ" ಅನ್ನುತ್ತಿದ್ದ.