ಡ್ರೋನಿನ ಗುಮಾನಿ

ಮದುವೆ ಫೋಟೋ ತೆಗೆಯುವ ಉಮಾಪತಿಯ ಡ್ರೋನಿಗೆ ಕಂಪನಿಯಿಂದಲೇ ಬಂದ ತನ್ನ ಹಳೆಯ ಬ್ಯಾಟರಿಯ ಮೇಲೆ ಮೊದಲಿಂದಲೂ ಗುಮಾನಿ. ಹಾರಿ ಸ್ವಲ್ಪ ಹೊತ್ತಾಗುವಷ್ಟರಲ್ಲೇ ಅದು, "ಮುಕ್ಕಾಲು ಖಾಲಿಯಾಯಿತು, ಇಳಿದುಬಿಡು" ಎಂದು ವರಾತ ಹಚ್ಚುತ್ತಿತ್ತು. 'ಮೈಗಳ್ಳ! ಶಕ್ತಿಯನ್ನೆಲ್ಲ ಬಚ್ಚಿಟ್ಟುಕೊಂಡಿದ್ದಾನೆ' ಎಂದು ಡ್ರೋನ್ ಒಳಗೊಳಗೇ ಕುದಿಯುತ್ತಿತ್ತು.

ಒಂದು ದಿನ ಉಮಾಪತಿ ಬೇರೆ ಯಾವುದೋ ಬ್ಯಾಟರಿ ತಂದ. "ಕಂಪನಿಯದು ಒಂದರ ದುಡ್ಡಿಗೆ ಇಂಥವು ಮೂರು ಬರ್ತವೆ ಕಣೇ" ಎಂದು ಹೆಂಡತಿಯ ಮುಂದೆ ಬೀಗಿದ.

ಮಾರನೆಯ ದಿನ ಮದುಮಕ್ಕಳನ್ನು ತೆಪ್ಪದಲ್ಲಿ ಕೂರಿಸಿ ಕೆರೆಯ ನಡುವಿಗೆ ಕಳಿಸಿದ್ದರು. ಹೊಸ ಬ್ಯಾಟರಿ ಹಾಕಿಸಿಕೊಂಡು ಡ್ರೋನ್ ಹೊರಟಾಗ ಹಳೆಯದು ಚೀಲದೊಳಗಿಂದಲೇ, "ನೀರಿನ ಮೇಲೆ ಹೋಗುತ್ತಿದ್ದೀಯ. ಎಷ್ಟು ಉಳಿದಿದೆ ಎಂದು ಆ ಹೊಸಬನನ್ನು ಎರಡೆರಡು ಸಲ ಕೇಳು" ಎಂದಿತು. 'ಹೊಟ್ಟೆಕಿಚ್ಚು' ಎಂದುಕೊಂಡಿತು ಡ್ರೋನ್.

ತೆಪ್ಪದ ಮೇಲೆ ಬಂದು, "ಎಷ್ಟು ಉಳಿದಿದೆ?" ಎಂದು ಕೇಳಿತು.

"ಅರ್ಧ ಇದೆ ಒಡೆಯಾ. ನಿಶ್ಚಿಂತೆಯಿಂದ ಹಾರಿ" ಎಂದಿತು ಹೊಸ ಬ್ಯಾಟರಿ.

ಎಂಥ ವಿನಯ! ಡ್ರೋನ್ ಹಿಗ್ಗಿ ಇಡೀ ಕೆರೆಗೆ ಒಂದು ಸುತ್ತು ಹಾಕಿ, "ಈಗ?" ಎಂದಿತು.

"ಇನ್ನೂ ಅರ್ಧ ಇದೆ ಒಡೆಯಾ."

ಇಷ್ಟು ಹಾರಿದರೂ ಕರಗದ ಅರ್ಧ ಯಾವುದು? ಡ್ರೋನ್ ತಟ್ಟನೆ ದಡದ ಕಡೆ ತಿರುಗಿತು. ಅಷ್ಟರಲ್ಲಿ ರೆಕ್ಕೆಗಳು ನಿಂತುಹೋದವು. ಮದುಮಕ್ಕಳ ಚಿತ್ರಗಳನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡೇ ಅದು ನೀರಿಗೆ ಬಿತ್ತು.

ಮುಳುಗುತ್ತಾ, "ನಿಜ ಹೇಳು, ಎಷ್ಟಿದೆ?" ಎಂದು ಗದರಿತು.

"ಹೆದರಬೇಡಿ ಒಡೆಯಾ" ಎಂದಿತು ಹೊಸ ಬ್ಯಾಟರಿ, "ಇನ್ನೂ ಅರ್ಧ ಇದೆ."