ಹೊರಟಾಗ ಸಮ, ತಲುಪಿದಾಗ ವಾರೆ

ಮೈಸೂರಿನ ಹೊರವಲಯದ ಒಂದು ಸಣ್ಣ ಕಂಪನಿಯಲ್ಲಿ ಕಾತ್ಯಾಯಿನಿ ಎಂಬ ಇಂಜಿನಿಯರ್ ಇದ್ದಳು. ಕಂಪ್ಯೂಟರಿಗೂ ಯಂತ್ರಗಳಿಗೂ ಬೇಕಾದ ಮೆಮರಿ ಚಿಪ್ಪುಗಳ ವಿನ್ಯಾಸ ಅಲ್ಲಿನ ಕೆಲಸ. ಅವಳಿಗೆ ಹದಿನಾಲ್ಕು ವರ್ಷದ ಅನುಭವ. ಅವಳು ಕೈಯಿಟ್ಟ ಸರ್ಕ್ಯೂಟ್ ಕೈಕೊಡುವುದಿಲ್ಲ ಎಂಬ ಮಾತಿತ್ತು. ಆ ಮಾತನ್ನು ಎಲ್ಲರಿಗಿಂತ ಹೆಚ್ಚು ನಂಬಿದವಳು ಅವಳೇ.

ಆ ವರ್ಷ ದೊಡ್ಡ ಕೆಲಸವೊಂದು ಬಂತು. ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳನ್ನು ಬೆಚ್ಚಗಿಟ್ಟು, ಅವುಗಳ ಉಸಿರನ್ನು ಕ್ಷಣಕ್ಷಣವೂ ಗಮನಿಸುವ ಯಂತ್ರಕ್ಕೆ ಮೆಮರಿ ಚಿಪ್ ಮಾಡಿಕೊಡಬೇಕಿತ್ತು.

ಇಂಥ ಚಿಪ್ಪಿನೊಳಗೆ ಕ್ಲಾಕ್ ಎಂಬ ಸಿಗ್ನಲ್ ಓಡುತ್ತಿರುತ್ತದೆ. ಏರುವುದು, ಇಳಿಯುವುದು, ಮತ್ತೆ ಏರುವುದು, ಅಷ್ಟೇ ಅದರ ಕೆಲಸ. ಮಿಕ್ಕದ್ದೆಲ್ಲ ಅದರ ತಾಳಕ್ಕೆ ಹೆಜ್ಜೆ ಹಾಕುತ್ತದೆ. ಅದು ಮೇಲಿದ್ದಾಗ ಒಂದು ಮಾಹಿತಿ ಹೊರಗೆ ಬರುತ್ತದೆ, ಕೆಳಗಿದ್ದಾಗ ಇನ್ನೊಂದು. ಹಾಗಾಗಿ ಮೇಲಿರುವ ಹೊತ್ತೂ ಕೆಳಗಿರುವ ಹೊತ್ತೂ ಸರಿಸಮ ಇರಬೇಕು. ಒಂದು ಹಿಗ್ಗಿದರೆ ಇನ್ನೊಂದು ಕುಗ್ಗುತ್ತದೆ. ಕುಗ್ಗಿದ ಹೊತ್ತಿನಲ್ಲಿ ಬರಬೇಕಾದ ಮಾಹಿತಿ ಪೂರ್ತಿ ಬರದೆ ಕೆಟ್ಟುಹೋಗುತ್ತದೆ.

ಹೊರಗಿನಿಂದ ಬರುವ ಕ್ಲಾಕ್ ಸ್ವಲ್ಪ ವಾರೆಯಾಗಿಯೇ ಬರುತ್ತದೆ. ಅದನ್ನು ಚಿಪ್ಪಿನ ಬಾಗಿಲಲ್ಲೇ ಹಿಡಿದು, ಅಳೆದು, ಸರಿಸಮ ಮಾಡಿ ಒಳಗೆ ಬಿಡುವ ಸರ್ಕ್ಯೂಟನ್ನು ಕಾತ್ಯಾಯಿನಿ ಮಾಡಿದಳು. ಮೊದಲ ಚಿಪ್ಪುಗಳು ಬಂದ ದಿನ ಬಾಗಿಲಲ್ಲಿ ಅಳೆದು ನೋಡಿದಳು. ನೂರು ಪಾಲಿನಲ್ಲಿ ಮೇಲಕ್ಕೆ ಐವತ್ತು, ಕೆಳಕ್ಕೆ ಐವತ್ತು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ನಾಲ್ಕನೆಯ ದಿನ ಪರೀಕ್ಷೆಯ ಕೋಣೆಯ ಮಾಲತೇಶ ಅವಳ ಮೇಜಿನ ಬಳಿ ಬಂದು ನಿಂತ. ಅವನು ಹಾವೇರಿ ಕಡೆಯವನು, ಮಾತು ಕಡಿಮೆ.

"ಮೇಡಂ, ನೂರು ಚಿಪ್ಪಿನಾಗ ಒಂಬತ್ತು ತಪ್ಪು ಓದಾಕತ್ತಾವ್ರಿ. ತಣ್ಣಗಿದ್ದಾಗ ಚಲೋ ಅದಾವ. ಓವನ್ನಿನಾಗಿಟ್ಟು ಬಿಸಿ ಮಾಡಿದಾಗ ಅಷ್ಟ."

ಕಾತ್ಯಾಯಿನಿ ತಲೆಯೆತ್ತಲಿಲ್ಲ. "ಕ್ಲಾಕ್ ನಾನೇ ಅಳೆದಿದ್ದೀನಿ ಮಾಲತೇಶ್. ಸರಿಯಿದೆ. ನಿಮ್ಮ ವೈರು, ನಿಮ್ಮ ಓವನ್ನು, ಅವನ್ನ ನೋಡಿಕೊಳ್ಳಿ."

ಮಾಲತೇಶ ವೈರು ಬದಲಿಸಿದ. ಓವನ್ ಬದಲಿಸಿದ. ಆದರೂ ಒಂಬತ್ತು. ತಪ್ಪಾಗುತ್ತಿದ್ದದ್ದೂ ಪ್ರತಿಸಲ ಒಂದೇ ಕಡೆ, ಕ್ಲಾಕ್ ಕೆಳಗಿದ್ದಾಗ ಬರುವ ಮಾಹಿತಿಯಲ್ಲಿ.

ಸುದ್ದಿ ಕಂಪನಿಯ ಮುಖ್ಯಸ್ಥ ಚೆನ್ನಕೇಶವರಿಗೆ ತಲುಪಿತು. ಅವರು ಕಾತ್ಯಾಯಿನಿಯನ್ನು ಕರೆದರು.

"ಯಂತ್ರ ಇರೋದು ಆಸ್ಪತ್ರೆಯ ಏಸಿ ರೂಮಲ್ಲಿ. ಬಿಸಿ ನಲವತ್ತು ಡಿಗ್ರಿ ದಾಟಬಾರದು ಅಂತ ಚಿಪ್ಪಿನ ಜೊತೆಯ ಕಾಗದದಲ್ಲಿ ಒಂದು ಸಾಲು ಸೇರಿಸಿ ಕಳಿಸಿಬಿಡೋಣವಾ? ನೀವು ಹೂಂ ಅಂದ್ರೆ ಸೋಮವಾರವೇ ಕಳಿಸ್ತೀನಿ."

ಹೂಂ ಎನ್ನುವುದು ಸುಲಭವಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಆದರೆ ಒಂಬತ್ತು ಯಾಕೆ ಎಂಬುದಕ್ಕೆ ಅವಳಲ್ಲಿ ಉತ್ತರವಿರಲಿಲ್ಲ. ಉತ್ತರವಿಲ್ಲದೆ ಒಪ್ಪಿ ಅಭ್ಯಾಸವೂ ಇರಲಿಲ್ಲ. "ಒಂದು ಗಂಟೆ ಕೊಡಿ ಸರ್" ಎಂದು ನೇರ ಪರೀಕ್ಷೆಯ ಕೋಣೆಗೆ ನಡೆದಳು.

"ಮಾಲತೇಶ್, ಏಸಿ ರೂಮಲ್ಲಿ ಇದು ಕೆಲಸ ಮಾಡುತ್ತೆ ಅಲ್ವಾ?"

"ರೂಮಿನಾಗ ಏಸಿ ಇರತೈತ್ರಿ. ಯಂತ್ರದ ಒಳಗ ಇರಂಗಿಲ್ರಿ. ಕೂಸಿನ್ನ ಬೆಚ್ಚಗ ಇಡಾಕಂತನ ಮಾಡಿದ್ದಲ್ರಿ ಅದು."

ಕಾತ್ಯಾಯಿನಿ ಓವನ್ನಿನ ಬಳಿಗೆ ಕುರ್ಚಿ ಎಳೆದುಕೊಂಡಳು. ಮಾಲತೇಶ ಕೇಳಿದ. "ಮೇಡಂ, ನೀವು ಕ್ಲಾಕ್ ಎಲ್ಲಿ ಅಳೀತೀರಿ?"

"ಬಾಗಿಲಲ್ಲಿ. ಒಳಗೆ ಹೋಗುವ ಜಾಗದಲ್ಲಿ."

"ನಾ ಓದೂದು ಆ ತುದಿಯಿಂದ್ರಿ" ಎಂದು ಅವನು ಆ ಒಂಬತ್ತರಲ್ಲೊಂದು ಚಿಪ್ಪನ್ನು ಓವನ್ನಿನಲ್ಲಿಟ್ಟು, ಅಳೆಯುವ ತಂತಿಯನ್ನು ಮಾಹಿತಿ ಹೊರಬರುವ ಅದರ ಪಿನ್ನಿಗೆ ತಾಗಿಸಿದ. ಓವನ್ನಿನ ಬಿಸಿ ಏರಿಸಿದ.

ಪರದೆಯಲ್ಲಿ ಮೇಲಿನ ಪಾಲಿನ ಅಂಕಿ ನಿಧಾನವಾಗಿ ಜರುಗಿತು. ಐವತ್ತೆರಡು. ಐವತ್ತನಾಲ್ಕು. ಐವತ್ತಾರಕ್ಕೆ ಬಂದು ನಿಂತಿತು. ಕೆಳಗಿನ ಪಾಲಿಗೆ ಉಳಿದದ್ದು ನಲವತ್ತನಾಲ್ಕು.

ಕಾತ್ಯಾಯಿನಿಗೆ ಈಗ ಅರ್ಥವಾಯಿತು. ಬಾಗಿಲಿಂದ ಆ ತುದಿಗೆ ಹೋಗಲು ಕ್ಲಾಕ್ ಹತ್ತಾರು ಪುಟ್ಟ ಸರ್ಕ್ಯೂಟುಗಳನ್ನು ದಾಟಬೇಕು. ಬಿಸಿಯೇರಿದಾಗ ಒಂದೊಂದೂ ಅದನ್ನು ಚೂರುಚೂರೇ ವಾರೆ ಮಾಡುತ್ತಿತ್ತು. ಅವಳ ಸರ್ಕ್ಯೂಟಿಗೆ ಅದು ಕಾಣುವಂತೆಯೇ ಇರಲಿಲ್ಲ. ಅದರ ಕಣ್ಣನ್ನು ಬಾಗಿಲಲ್ಲಿ ಇಟ್ಟವಳು ಅವಳೇ.

"ನಿಮ್ಮ ವೈರು ಸರಿಯಿತ್ತು ಮಾಲತೇಶ್. ಅವತ್ತೇ ನಿಮ್ಮ ಮಾತು ಕೇಳಬೇಕಿತ್ತು" ಎಂದಳು. ಅಲ್ಲಿಂದ ನೆಟ್ಟಗೆ ಚೆನ್ನಕೇಶವರ ಕೋಣೆಗೆ ಹೋದಳು.

"ಕಳಿಸೋದು ಬೇಡ ಸರ್. ತಪ್ಪು ನನ್ನದು. ತಿದ್ದೋದು ಹೇಗೆ ಅಂತಲೂ ಗೊತ್ತಾಗಿದೆ."

"ಎಷ್ಟು ದಿನ ಬೇಕು?"

"ಹೊಸ ಚಿಪ್ ತಯಾರಾಗಿ ಬರೋಕೆ ಮೂರು ತಿಂಗಳು."

ಚೆನ್ನಕೇಶವರು ಕನ್ನಡಕ ತೆಗೆದು ಹಣೆ ಉಜ್ಜಿಕೊಂಡರು. "ಗಿರಾಕಿಗೆ ಏನು ಹೇಳಲಿ?"

"ಇದ್ದದ್ದನ್ನ ಇದ್ದ ಹಾಗೆ. ನೀವಲ್ಲ ಸರ್, ನಾನೇ ಹೇಳ್ತೀನಿ."

ಹೇಳಿದಳು. ಬೈಸಿಕೊಂಡಳು. ಬಂದು ಕೆಲಸಕ್ಕೆ ಕೂತಳು. ಅಳೆಯುವ ಜಾಗವನ್ನು ಬಾಗಿಲಿಂದ ಕಿತ್ತು ಕೊನೆಯ ತುದಿಗೆ ಒಯ್ದಳು. ಅಲ್ಲಿ ಕ್ಲಾಕ್ ಹೇಗೆ ತಲುಪಿತು ಎಂಬ ಸುದ್ದಿ ಪ್ರತಿಸಲ ಬಾಗಿಲಿಗೆ ಮರಳಿ ಬರುವಂತೆ ಒಂದು ದಾರಿ ಮಾಡಿದಳು. ಆ ತುದಿಯಲ್ಲಿ ಎಷ್ಟು ವಾರೆಯೋ ಅಷ್ಟನ್ನು ಈ ತುದಿಯಲ್ಲಿ ತಿದ್ದಬೇಕು. ಒಮ್ಮೆಗೇ ಎಳೆದರೆ ಅದು ಇನ್ನೊಂದು ಕಡೆಗೆ ವಾಲುತ್ತಿತ್ತು. ಅದಕ್ಕೇ ತುಸುತುಸುವಾಗಿ ತಿದ್ದುವಂತೆ ಮಾಡಿದಳು.

ಮೂರು ತಿಂಗಳಿಗೆ ಹೊಸ ಚಿಪ್ಪುಗಳು ಬಂದವು. ಕಾತ್ಯಾಯಿನಿ ಡಬ್ಬಿಯನ್ನು ತಾನೇ ಎತ್ತಿಕೊಂಡು ಹೋಗಿ ಮಾಲತೇಶನ ಕೈಗಿತ್ತಳು. "ನೀವು ಹೇಳಿದ ಮೇಲೇ ಇದು ಸರಿ" ಎಂದಳು.

ಅವನು ಮೂರು ದಿನ ನೂರು ಚಿಪ್ಪನ್ನೂ ಓವನ್ನಿನಲ್ಲಿ ಬೇಯಿಸಿದ, ಓದಿದ, ಮತ್ತೆ ಬೇಯಿಸಿದ. ನಾಲ್ಕನೆಯ ದಿನ ಬೆಳಿಗ್ಗೆ ಅವಳ ಮೇಜಿನ ಮುಂದೆ ಬಂದು ಹಾಳೆಯೊಂದನ್ನು ಇಟ್ಟ. ತಪ್ಪುಗಳ ಸಾಲಿನಲ್ಲಿ ಸೊನ್ನೆ ಇತ್ತು.

"ಈಗ ನೆಟ್ಟಗ ಮುಟ್ಟೈತ್ರಿ ಮೇಡಂ" ಎಂದ.

ನೀತಿ: ನಾನು ಸರಿಯಾಗಿಯೇ ಕಳಿಸಿದೆ ಎನ್ನುವವರ ಕೆಲಸ ಅರ್ಧವೇ ಮುಗಿದಿರುತ್ತದೆ. ಸರಿಯಾಗಿ ತಲುಪಿತೇ ಎಂದು ಆ ತುದಿಯಲ್ಲಿ ನಿಂತವರನ್ನು ಕೇಳಿ, ತಿದ್ದಿಕೊಂಡರೆ ಮಾತ್ರ ಉಳಿದರ್ಧವೂ ಮುಗಿಯುತ್ತದೆ.