ಇಲ್ಲ ಎಂದ ಪೆಟ್ಟಿಗೆ

"ಗುರುಗಳೇ, ಹನ್ನೆರಡು ವರ್ಷ ಧ್ಯಾನ ಮಾಡಿದೆ. ಕುಳಿತೊಡನೆ, ನಮ್ಮ ಮನೆಯ ಹೊಸಿಲಲ್ಲಿ ಕುಳಿತಿರುವ ತಾಯಿಗೆ ಮನಸ್ಸಿನಲ್ಲೇ ನಮಸ್ಕರಿಸಿ ಆರಂಭಿಸುತ್ತಿದ್ದೆ. ಮೊನ್ನೆ ಆಕೆ ತೀರಿಕೊಂಡಳು. ಈಗ ಕಣ್ಣು ಮುಚ್ಚಿದರೆ ಹೊಸಿಲು ಬರಿದು, ಮುಂದೆ ಕತ್ತಲೆ. ಕಲಿತದ್ದೆಲ್ಲ ಹೋಯಿತು. ಎಲ್ಲ ಬಿಟ್ಟು ಮೊದಲಿನಿಂದ ಶುರು ಮಾಡಲೇ?" ಎಂದು ಶಿಷ್ಯ ಕೇಳಿದ.

"ಬಿಡುವುದಕ್ಕೇನು ಅವಸರ? ಕತೆ ಕೇಳು" ಎಂದರು ಗುರುಗಳು.

ಒಬ್ಬ ನೇಕಾರನಿದ್ದ. ಸೀರೆಯ ಅಂಚಿನ ಚಿತ್ತಾರಗಳನ್ನು ಕಂಪ್ಯೂಟರಿನಲ್ಲಿ ಬರೆದಿಡುತ್ತಿದ್ದ. ಅವನ ತಾಯಿ ನೇಯ್ದ ಸೀರೆಗಳೆಲ್ಲ ಹರಿದುಹೋಗಿದ್ದವು. ಆಕೆಯ ಅಂಚುಗಳು ಉಳಿದದ್ದು ಆ ಕಂಪ್ಯೂಟರ್ ಪೆಟ್ಟಿಗೆಯೊಳಗೆ ಮಾತ್ರ. ಇನ್ನೊಂದು ಪ್ರತಿ ಮಾಡಿಡುವ ಯೋಚನೆ ಅವನಿಗೆ ಬಂದಿರಲಿಲ್ಲ. ಬುದ್ಧಿ ಬರುವುದು ಕೆಟ್ಟ ಮೇಲೆಯೇ ತಾನೇ?

ಮಗ್ಗದ ಮನೆಯಲ್ಲಿ ನೂಲಿನ ಧೂಳು ಹೇಳತೀರದು. ಹಬ್ಬಕ್ಕೆಂದು ಮಗ್ಗ ಒರೆಸಿದವನು ಪೆಟ್ಟಿಗೆಯನ್ನೂ ಬಿಚ್ಚಿ ಒರೆಸಿದ. ಒಳಗೆ, ಬರೆದದ್ದನ್ನೆಲ್ಲ ಕಾಪಿಡುವ ಎರಡು ಡಿಸ್ಕುಗಳಿದ್ದವು. ನೂಲಿನ ಲಡಿ ಜೋಡಿಸುವಂತೆ, ದೊಡ್ಡದು ಮೊದಲು, ಚಿಕ್ಕದು ಆಮೇಲೆ ಎಂದು ತಂತಿಗಳನ್ನು ತನ್ನ ಲೆಕ್ಕದಲ್ಲೇ ಸಿಕ್ಕಿಸಿದ. ಗುಂಡಿ ಒತ್ತಿದರೆ ಕಪ್ಪು ಪರದೆ. ಅದರ ಮೇಲೆ ಒಂದೇ ಮಾತು: ಹುಡುಕಿದ್ದು ಇಲ್ಲ.

ಹತ್ತು ಸಲ ಒತ್ತಿದ. ಹತ್ತು ಸಲವೂ ಅದೇ ಮಾತು. "ಎಲ್ಲ ಅಳಿಸಿ ಹೊಸದು ಹಾಕು" ಎಂದ ಪಕ್ಕದ ಮನೆಯವನು. ಎರಡು ದಿನ ಅನ್ನ ಸೇರಲಿಲ್ಲ. ಮೂರನೆಯ ದಿನ ಅಳಿಸಲು ಕುಳಿತೇಬಿಟ್ಟ. ಅಷ್ಟರಲ್ಲಿ, ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವ ಅಕ್ಕೋರು ಸೀರೆ ಕೇಳಲು ಬಂದರು. ನೋಡಿ ತಡೆದರು.

"ಒಂದ ಎಳಿ ಹರದ್ರ ಮಗ್ಗದ ಮ್ಯಾಲಿನ ಹಾಸನ್ನೆಲ್ಲ ಕತ್ತರಿಸ್ತೀಯೇನಪಾ?"

"ಇಲ್ರೀ ಅಕ್ಕೋರ, ತುದಿ ಹುಡಿಕಿ ಗಂಟ ಹಾಕ್ತೀನ್ರಿ. ಆದ್ರ ಇದು ಇಲ್ಲ ಅಂತೈತ್ರಿ."

"ಏನೇನ ಐತಿ ಅಂತ ಕೇಳಿಯೇನು ಅದನ್ನ?"

ಅವನು ಕೇಳಿರಲಿಲ್ಲ. ಅಕ್ಕೋರು ಎರಡೇ ಅಕ್ಷರ ಒತ್ತಿದರು. 'ಇಲ್ಲ' ಎಂದಿದ್ದ ಪರದೆಯೇ ತನ್ನಲ್ಲಿದ್ದ ಡಿಸ್ಕುಗಳನ್ನೆಲ್ಲ ಪಟ್ಟಿ ಮಾಡಿ ತೋರಿಸಿತು. ಯಂತ್ರವನ್ನು ಎಬ್ಬಿಸಲು ಒಳಗೊಂದು ಪುಟ್ಟ ಪ್ರೋಗ್ರಾಂ ಇರುತ್ತದೆ. ಹೇಳಿದ ಜಾಗಕ್ಕೆ ಹೋಗಿ ಅಲ್ಲಿರುವ ದೊಡ್ಡ ಪ್ರೋಗ್ರಾಮನ್ನು ಎಬ್ಬಿಸುವುದು, ಪಕ್ಕಕ್ಕೆ ಸರಿಯುವುದು, ಇಷ್ಟೇ ಅದರ ಕೆಲಸ. ಎರಡನೆಯ ಡಿಸ್ಕಿಗೆ ಹೋಗೆಂದು ಅದಕ್ಕೆ ಮೊದಲೇ ಹೇಳಿಡಲಾಗಿತ್ತು. ನೇಕಾರ ತಂತಿ ಬದಲಿಸಿ ಎರಡನೆಯದನ್ನು ಮೊದಲನೆಯದು ಮಾಡಿದ್ದ. ಅದು ಸುಳ್ಳು ಹೇಳಲಿಲ್ಲ, ಪಾಪ. ಹಳೆಯ ಜಾಗದಲ್ಲಿ ನೋಡಿತು, ಕಾಣಲಿಲ್ಲ, ಇಲ್ಲವೆಂದಿತು.

ಅಕ್ಕೋರು ನಾಲ್ಕು ಸಾಲು ಬರೆದು ಹೊಸ ಜಾಗ ತಿಳಿಸಿದರು. ಯಂತ್ರ ಎದ್ದಿತು. ಗೋಮಿ ಅಂಚು ಬಂತು, ಚಿಕ್ಕಿ ಅಂಚು ಬಂತು, ತಾಯಿಯ ಕೈಯ ಒಂದೆಳೆಯೂ ಕದಲಿರಲಿಲ್ಲ. ಇಷ್ಟೆಲ್ಲ ಆ ಕಪ್ಪು ಪರದೆಯ ಹಿಂದೆಯೇ ಮೂರು ದಿನ ಸುಮ್ಮನೆ ಕಾದಿತ್ತಲ್ಲ ಎಂದು ನೇಕಾರನ ಮೈ ಜುಮ್ಮೆಂದಿತು. ಅಕ್ಕೋರಿಗೆ ಕೈ ಮುಗಿಯಬೇಕೋ ಪೆಟ್ಟಿಗೆಗೋ ತಿಳಿಯದೆ ಇಬ್ಬರಿಗೂ ಮುಗಿದ.

ಕತೆ ಮುಗಿಯಿತು.

"ತಾಯಿ ಹೊಸಿಲಲ್ಲಿಲ್ಲ, ಸರಿ, ಎಲ್ಲೆಲ್ಲಿ ಇದ್ದಾಳೆ ಎಂದು ಕೇಳಿದೆಯಾ, ಮಗು?" ಎಂದರು ಗುರುಗಳು.

ಶಿಷ್ಯ ಅಲ್ಲೇ ಕಣ್ಣು ಮುಚ್ಚಿದ, ಹೊಸಿಲನ್ನು ಬಿಟ್ಟು ತನ್ನೊಳಗೆ ಆಕೆಯನ್ನು ಹುಡುಕತೊಡಗಿದ.